ಔಷಧಿ ಹೊಡೆಸುವ ದಿನ ಎಣಿಸಿಕೊಡುವ ಪುಟ್ಟ ಪ್ರೋಗ್ರಾಮ್



ತೋಟದ ಕೆಲಸಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ರೂಢಿ ನಮ್ಮಲ್ಲಿ ಹಳೆಯದು. 2025ರಲ್ಲಿ ನಾವೂ ಅಡಿಕೆಗೆ ಮೊದಲ ಬೋರ್ಡೋ ಮೇ 30ಕ್ಕೆಂದೂ, 45 ದಿನ ಕಳೆದು ಎರಡನೆಯದು ಜುಲೈ 14ಕ್ಕೆಂದೂ ಬರೆದಿಟ್ಟಿದ್ದೆವು. ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. ಮೋಡ ಕಂಡು ನಾವು ಮೇ 20ರಂದೇ ಔಷಧಿ ಹೊಡೆಸಿದೆವು. ಗೋಡೆಯ ಮೇಲಿನ ಜುಲೈ 14 ಮಾತ್ರ ಹಾಗೆಯೇ ಉಳಿಯಿತು. ಲೆಕ್ಕದ ಪ್ರಕಾರ ಎರಡನೆಯದು ಜುಲೈ 4ಕ್ಕೆ ಆಗಬೇಕಿತ್ತು. ಈ ಹತ್ತು ದಿನದ ತಪ್ಪು ನಮಗೆ ತಿಳಿದದ್ದು ಮರದ ಬುಡದಲ್ಲಿ ಕೊಳೆ ಹತ್ತಿದ ಹಸಿ ಕಾಯಿ ಬಿದ್ದಿರುವುದನ್ನು ಕಂಡ ಮೇಲೆಯೇ.

ಆ ಮಳೆಗಾಲದಲ್ಲಿ ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ಪೈಥಾನ್ ಕಲಿಯತೊಡಗಿದೆವು. ಇದು 1991ರಲ್ಲಿ ಹೊರಬಂದ, ಹಣ ಕೊಡದೆ ದೊರೆಯುವ ಕಂಪ್ಯೂಟರ್ ಭಾಷೆ.

ನಮ್ಮ ಮೊದಲ ಪ್ರೋಗ್ರಾಮ್ ಕೆಲಸದ ಹೆಸರು ಮತ್ತು ದಿನಾಂಕವನ್ನು ಇಟ್ಟುಕೊಂಡು ಸಾಲಾಗಿ ತೋರಿಸುತ್ತಿತ್ತು, ಅಷ್ಟೇ. ಅದೂ ಸರಿಯಾಗಿ ಅಲ್ಲ. 20-05-2025 ಎಂಬುದು 14-07-2025ರ ಕೆಳಗೆ ಬಂದು ಕುಳಿತಿತು. ನಾವು ಅಕ್ಷರಗಳಾಗಿ ಕೊಟ್ಟದ್ದನ್ನು ಯಂತ್ರ ಅಕ್ಷರಗಳಾಗಿಯೇ ಹೋಲಿಸಿ, 1 ಮೊದಲು, 2 ಆಮೇಲೆ ಎಂದು ಜೋಡಿಸಿತ್ತು. ಪೈಥಾನಿನಲ್ಲಿರುವ ಡೇಟ್ ಎಂಬ ಬಗೆಗೆ ಬದಲಾಯಿಸಿದ ಮೇಲೆ ಇದು ಸರಿಹೋಯಿತು. ಡೇಟ್‌ಗೆ ಯಾವ ತಿಂಗಳಿಗೆ ಎಷ್ಟು ದಿನ ಎಂಬುದು ಗೊತ್ತು. ಜೂನ್ 31 ಎಂದು ಬರೆದರೆ ಒಪ್ಪದೆ ನಿಲ್ಲುತ್ತದೆ.

ಆದರೂ ಅದು ಗೋಡೆಯ ಕ್ಯಾಲೆಂಡರೇ ಆಗಿತ್ತು. ಮುಖ್ಯ ತಿದ್ದುಪಡಿ ಬೇರೆಯೇ ಇತ್ತು: ಮುಂದಿನ ದಿನಾಂಕವನ್ನು ಬರೆದಿಡಲೇಬಾರದು. ಕೆಲಸ ನಿಜವಾಗಿ ಆದ ದಿನ ಮತ್ತು ನಡುವಿನ ಅಂತರ, ಇವೆರಡನ್ನು ಮಾತ್ರ ಇಡಬೇಕು. ಈಗ ನಮ್ಮ ಕಡತದಲ್ಲಿ ಪ್ರತಿ ಕೆಲಸಕ್ಕೆ ಒಂದೇ ಸಾಲು:

ಅಡಿಕೆ ಬೋರ್ಡೋ,2025-05-20,45

ಪ್ರೋಗ್ರಾಮ್ ಈ ಸಾಲನ್ನು ಅಲ್ಪವಿರಾಮದಲ್ಲಿ ಮೂರು ತುಂಡು ಮಾಡುತ್ತದೆ. ನಡುವಿನದನ್ನು ಡೇಟ್ ಆಗಿಯೂ, ಕೊನೆಯದನ್ನು ಸಂಖ್ಯೆಯಾಗಿಯೂ ಮಾಡಿಕೊಂಡು, ಟೈಮ್‌ಡೆಲ್ಟಾ ಎಂಬುದರಿಂದ ಅಷ್ಟು ದಿನ ಕೂಡಿಸುತ್ತದೆ. ಬಂದ ದಿನಾಂಕದಿಂದ ಇಂದಿನ ದಿನಾಂಕ ಕಳೆದರೆ ಉಳಿದ ದಿನಗಳು ಸಿಗುತ್ತವೆ. ಕೆಲಸ ಮುಗಿದ ಸಂಜೆ ನಡುವಿನ ದಿನಾಂಕ ತಿದ್ದಿದರಾಯಿತು. ರೋಬಸ್ಟಾಕ್ಕೆ ಹೂವಿಗೆ ನೀರು ಕೊಟ್ಟ ದಿನ ಬರೆದು 20 ಎಂದು ಹಾಕಿದರೆ ಬ್ಯಾಕಿಂಗ್ ನೀರಿನ ದಿನವೂ ಇದರಲ್ಲೇ ಬರುತ್ತದೆ.

ಎರಡು ಕಡೆ ನಾವು ಎಡವಿದೆವು. ಅಲ್ಪವಿರಾಮದ ಬಳಿಕ ಜಾಗ ಬಿಟ್ಟರೆ ದಿನಾಂಕ ಓದಲಾಗದು. ಸ್ಟ್ರಿಪ್ ಎಂಬ ಆಜ್ಞೆ ಆ ಜಾಗವನ್ನು ತೆಗೆಯುತ್ತದೆ. ಕಡತ ತೆರೆಯುವಾಗ ಯುಟಿಎಫ್-8 ಎಂದು ಹೇಳದಿದ್ದರೆ ಕೆಲವು ಯಂತ್ರಗಳಲ್ಲಿ ಕನ್ನಡ ಕೆಡುತ್ತದೆ. ಅಂತರವನ್ನು ೪೫ ಎಂದು ಕನ್ನಡ ಅಂಕಿಯಲ್ಲಿ ಬರೆದರೂ ಪೈಥಾನ್ ಸರಿಯಾಗಿ ಓದಿತೆಂಬುದು ನಮಗೆ ಆಶ್ಚರ್ಯವೇ!

ಮಳೆ ಬಿಡುವು ಕೊಡುವುದೋ ಇಲ್ಲವೋ ಎಂಬುದು ಇದಕ್ಕೆ ತಿಳಿಯದು. ಕೊನೆಗಾರನಿಗೆ ಹೇಳಿಕಳಿಸಬೇಕು, ಮೈಲುತುತ್ತ, ಸುಣ್ಣ ತರಬೇಕು. ಆದುದರಿಂದ ಹತ್ತು ದಿನ ಉಳಿದಾಗಲೇ ಕೆಲಸದ ಹೆಸರು ಪಟ್ಟಿಯ ಮೇಲೆ ಬರುವಂತೆ ಮಾಡಿಕೊಂಡಿದ್ದೇವೆ. ಬೆಳಿಗ್ಗೆ ಕಾಫಿಯ ಹೊತ್ತಿಗೆ ಒಮ್ಮೆ ತೆರೆದು ನೋಡುತ್ತೇವೆ. ಮಳೆಗಾಲದಲ್ಲಿ ಕರೆಂಟು ಹೋದರೆ ಎರಡು ಮೂರು ದಿನ ಬಾರದಿರುವುದೂ ಉಂಟಷ್ಟೆ. ಅದಕ್ಕಾಗಿ ಆ ಪಟ್ಟಿಯನ್ನು ಗೋಡೆಯ ಕ್ಯಾಲೆಂಡರಿಗೂ ಇಳಿಸಿಕೊಳ್ಳುತ್ತೇವೆ, ಪೆನ್ಸಿಲಿನಲ್ಲಿ.