ಒಂದೇ ಊರು, ಬೇರೆ ಬೇರೆ ಲೆಕ್ಕ

2020-21ರಲ್ಲಿ ನಿಮ್ಮ ಸಂಬಂಧಿಕರು ಯಾರಾದರೂ ವಿಜಯವಾಡದಲ್ಲೋ ವಿಶಾಖಪಟ್ಟಣದಲ್ಲೋ ಇದ್ದಿದ್ದರೆ ಈ ಕಿರಿಕಿರಿ ನಿಮಗೂ ಗೊತ್ತಿರಬಹುದು. ಬೆಳಿಗ್ಗೆ ಎಂಟು ಗಂಟೆಯವರೆಗಿನ ಲೆಕ್ಕ ಅಂತ ಕೇಂದ್ರ ಆರೋಗ್ಯ ಸಚಿವಾಲಯ ಒಂದು ಸಂಖ್ಯೆ ಕೊಡುತ್ತಿತ್ತು. ರಾಜ್ಯದ ಬುಲೆಟಿನ್‌ನಲ್ಲಿ ಇನ್ನೊಂದು. ಯಾವುದನ್ನು ನಂಬೋದು? ಸಿಟ್ಟು ಬರುವುದು ಸಹಜ. ಆದರೆ ಎಲ್ಲ ವ್ಯತ್ಯಾಸವೂ ಸುಳ್ಳಲ್ಲ. ಕೆಲವಕ್ಕೆ ಸಾದಾ ಕಾರಣವಿದೆ, ಕೆಲವಕ್ಕೆ ಇಲ್ಲ.

ಸಾದಾ ಕಾರಣಗಳನ್ನು ಮೊದಲು ನೋಡೋಣ. ಆಂಧ್ರದ ಬುಲೆಟಿನ್ ಜಿಲ್ಲಾವಾರು ಬರುತ್ತಿತ್ತು. ವಿಶಾಖಪಟ್ಟಣ ಅಂದರೆ ನಗರವೂ ಹೌದು, ಜಿಲ್ಲೆಯೂ ಹೌದು. ಆ ಸಂಖ್ಯೆಯಲ್ಲಿ ಅರಕು, ಪಾಡೇರು ಕಡೆಯ ಗುಡ್ಡಗಾಡೂ ಸೇರಿತ್ತು. ವಿಜಯವಾಡದ ಹೆಸರಂತೂ ಪಟ್ಟಿಯಲ್ಲೇ ಇಲ್ಲ. ಅದು ಆಗ ಕೃಷ್ಣಾ ಜಿಲ್ಲೆಯೊಳಗಿತ್ತು, ಜಿಲ್ಲಾ ಕೇಂದ್ರ ಮಚಲೀಪಟ್ಟಣ. 2022ರ ಏಪ್ರಿಲ್ 4ರಂದು 13 ಜಿಲ್ಲೆಗಳು 26 ಆದವು. ವಿಜಯವಾಡ ಎನ್‌ಟಿಆರ್ ಜಿಲ್ಲೆಗೆ ಹೋಯಿತು, ಹಳೆಯ ವಿಶಾಖಪಟ್ಟಣ ಮೂರು ಹೋಳಾಯಿತು. ಈಗ ಹಳೆಯ ಅಂಕಿಯನ್ನು ಹೊಸ ಜಿಲ್ಲೆಯ ಅಂಕಿಯ ಪಕ್ಕದಲ್ಲಿಟ್ಟು ನೋಡಿದರೆ ಏನೂ ತಿಳಿಯದು. ಇದರ ಜೊತೆಗೆ ಐಸಿಎಂಆರ್‌ನ ಪರೀಕ್ಷಾ ದಾಖಲೆಯ ಲೆಕ್ಕವೇ ಬೇರೆ. ರಾಜ್ಯಗಳ ಅಂಕಿಯನ್ನು ಐಸಿಎಂಆರ್ ಅಂಕಿಯೊಂದಿಗೆ ಇನ್ನೂ ತಾಳೆ ನೋಡಲಾಗುತ್ತಿದೆ ಅಂತ ಸಚಿವಾಲಯವೇ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಅದನ್ನು ಓದಿದವರೆಷ್ಟು ಮಂದಿ!

ಇನ್ನೊಂದು ಅಂಕಿ ಇದೆ, ನಾವು ಮರೆಯಲಾಗದ್ದು. 2020ರ ಏಪ್ರಿಲ್ 18ರಂದು ಸಚಿವಾಲಯ ದೇಶದ 14,378 ಪ್ರಕರಣಗಳಲ್ಲಿ 4,291, ಅಂದರೆ ಶೇ. 29.8, ನಿಝಾಮುದ್ದೀನ್ ಮರ್ಕಝ್‌ಗೆ ಸಂಬಂಧಿಸಿದ್ದು ಅಂತ ಹೇಳಿತು. ಆಂಧ್ರದಲ್ಲಿ ಶೇ. 61. ಕೂಡಿಸಿದ್ದರಲ್ಲಿ ತಪ್ಪಿಲ್ಲದೆ ಇರಬಹುದು. ಆದರೆ ಪರೀಕ್ಷೆ ಯಾರಿಗೆ ಮಾಡಿದರು? ಕಿಟ್‌ಗಳೇ ಕಡಿಮೆ ಇದ್ದ ಹೊತ್ತಿನಲ್ಲಿ ಅಲ್ಲಿಗೆ ಹೋಗಿ ಬಂದವರನ್ನೂ ಅವರ ಸಂಪರ್ಕದವರನ್ನೂ ಹುಡುಕಿ ಹುಡುಕಿ ಪರೀಕ್ಷಿಸಿದರು. ಎಲ್ಲಿ ಹುಡುಕುತ್ತೀರೋ ಅಲ್ಲೇ ತಾನೇ ಸಿಗೋದು? ಒಟ್ಟು ಎಷ್ಟು ಮಂದಿಯನ್ನು ಪರೀಕ್ಷಿಸಿದರು, ಬೇರೆ ಗುಂಪುಗಳಲ್ಲಿ ಎಷ್ಟು ಅನ್ನೋದನ್ನು ಪಕ್ಕದಲ್ಲಿ ಇಡದಿದ್ದರೆ ಶೇಕಡಾವಾರು ಬರೀ ಒಂದು ಆರೋಪ. ತಳ್ಳುಗಾಡಿಯಲ್ಲಿ ಹಣ್ಣು, ತರಕಾರಿ ಮಾರುತ್ತಿದ್ದವರು ಅದರ ಬೆಲೆ ತೆತ್ತರು. ರೋಗಿಗಳನ್ನು ಧರ್ಮದ ಹೆಸರಿನಲ್ಲಿ ವಿಂಗಡಿಸಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಮೈಕ್ ರಯಾನ್ ಏಪ್ರಿಲ್ 6ರಂದೇ ಹೇಳಿದ್ದರು.

ಇನ್ನು ಸಾವಿನ ಲೆಕ್ಕ. ಇಲ್ಲಿ ಸಾದಾ ಕಾರಣಗಳು ಸಾಲುವುದಿಲ್ಲ. 2021ರ ಮೇ ತಿಂಗಳಲ್ಲಿ ಆಂಧ್ರ ಸರಕಾರ ಹೇಳಿದ ಕೋವಿಡ್ ಸಾವು ಮೂರು ಸಾವಿರದೊಳಗೆ. ಅದೇ ಸರಕಾರದ ಜನನ-ಮರಣ ನೋಂದಣಿಯಲ್ಲಿ ಆ ತಿಂಗಳು ದಾಖಲಾದ ಎಲ್ಲ ಕಾರಣಗಳ ಸಾವು ಸುಮಾರು 1.3 ಲಕ್ಷ! ಅದಕ್ಕಿಂತ ಹಿಂದಿನ ವರ್ಷಗಳ ಮೇ ತಿಂಗಳಲ್ಲಿ ಇದು 27 ಸಾವಿರದ ಆಸುಪಾಸು ಇರುತ್ತಿತ್ತು. ಹೆಚ್ಚಿದ ಲಕ್ಷ ಸಾವುಗಳೆಲ್ಲ ಕೋವಿಡ್‌ನಿಂದಲೇ ಆದವು ಅಂತ ಹೇಳಲಾಗದು. ಬೇರೆ ಕಾಯಿಲೆಯವರಿಗೆ ಬೆಡ್ ಸಿಗದೆ ಹೋದದ್ದೂ ಉಂಟು, ತಡವಾಗಿ ನೋಂದಣಿ ಆದದ್ದೂ ಇರಬಹುದು. ಆದರೂ ಮೂರು ಸಾವಿರಕ್ಕೂ ಒಂದು ಲಕ್ಷಕ್ಕೂ ನಡುವಿನ ಕಂದಕ ಅಷ್ಟರಿಂದ ತುಂಬುವಂಥದ್ದಲ್ಲ. ಪರೀಕ್ಷೆಯೇ ಆಗದೆ ಮನೆಯಲ್ಲಿ ಸತ್ತವರು ಬುಲೆಟಿನ್‌ಗೆ ಬರಲಿಲ್ಲ. ದಫನ್ ಮಾಡಿದವರಿಗೆ, ಚಿತೆಗೆ ಬೆಂಕಿ ಇಟ್ಟವರಿಗೆ ಮಾತ್ರ ಅವರ ಲೆಕ್ಕ ಗೊತ್ತು.

ಇದು ಬರೀ ಅಂಕಿಯ ಜಗಳವಲ್ಲ. ಸುಪ್ರೀಂ ಕೋರ್ಟ್ ಆದೇಶದ ನಂತರ ಕೋವಿಡ್‌ನಿಂದ ಸತ್ತವರ ಕುಟುಂಬಕ್ಕೆ 50,000 ರೂಪಾಯಿ ಪರಿಹಾರ ನಿಗದಿಯಾಯಿತು. ಪಾಸಿಟಿವ್ ಬಂದ 30 ದಿನದೊಳಗಿನ ಸಾವನ್ನೂ ಕೋವಿಡ್ ಸಾವೆಂದೇ ಪರಿಗಣಿಸಬೇಕು ಅಂತ ನಿಯಮ ಬಂತು. 2022ರ ಜನವರಿಯಲ್ಲಿ ಆಂಧ್ರದ ಅಧಿಕೃತ ಸಾವು ಹದಿನಾಲ್ಕೂವರೆ ಸಾವಿರದಷ್ಟು; ಬಂದ ಅರ್ಜಿಗಳು ಮಾತ್ರ ಸುಮಾರು 36 ಸಾವಿರ! ಪರಿಹಾರ ಕೊಡಲು ತಡ ಮಾಡಿದ್ದಕ್ಕೆ ಆ ರಾಜ್ಯದ ಮುಖ್ಯ ಕಾರ್ಯದರ್ಶಿಯನ್ನು ಕೋರ್ಟ್ ತರಾಟೆಗೆ ತೆಗೆದುಕೊಂಡಿತು. ಆಮೇಲೆ ಹಳೆಯ ಸಾವುಗಳಿಗೆ ಅರ್ಜಿ ಹಾಕಲು 60 ದಿನದ ಗಡುವು ಕೊಟ್ಟಿತು. ಕೈಯಲ್ಲಿ ರಿಪೋರ್ಟೇ ಇಲ್ಲದ ಮನೆಯವರು ಆ ಅರವತ್ತು ದಿನದಲ್ಲಿ ಯಾವ ಕಾಗದ ತೋರಿಸಬೇಕಿತ್ತು, ನೀವೇ ಹೇಳಿ.