ನಿಮಗಿದು ಗೊತ್ತೇ? ಫಿಟ್ಸ್ ಹುಟ್ಟುವ ಜಾಗ ಹುಡುಕುವುದು ಹೇಗೆ

ಚಿಕ್ಕಮಗಳೂರು ಗಿರಿಯ ಅತ್ತಿಗುಂಡಿಯ ಚಳಿಯಲ್ಲಿ ಹಂಡೆನೀರು ಚೆನ್ನಾಗಿ ಕಾಯಿಸಿ ತಲೆಗೆ ಹೊಯ್ದುಕೊಳ್ಳುವುದೇ ಸುಖ. ಕೆಲವರಿಗೆ ಮಾತ್ರ ಹಾಗೆ ಹೊಯ್ದ ಕೂಡಲೇ ಫಿಟ್ಸ್ ಬರುತ್ತದೆ. ಈ ಬಿಸಿನೀರಿನ ಮೂರ್ಛೆ ಹೆಚ್ಚಾಗಿ ಕಂಡುಬಂದಿರುವುದು ದಕ್ಷಿಣ ಭಾರತದಲ್ಲಿ, ಅದರಲ್ಲೂ ನಮ್ಮ ಕರ್ನಾಟಕದಲ್ಲಿ. ಬೆಂಗಳೂರಿನ ಡಾ. ಕೆ. ಎಸ್. ಮಣಿ 1960ರ ದಶಕದಲ್ಲೇ ಇದನ್ನು ವರದಿ ಮಾಡಿದ್ದರು. ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ರೋಗಿಗಳ ವಿವರ ಪ್ರಕಟಿಸಿದರು. ನೀರಿನ ಬಿಸಿ ಇಳಿಸಿದರೆ, ಬೇಕಾದರೆ ವೈದ್ಯರು ಕೊಟ್ಟ ಮಾತ್ರೆ ನುಂಗಿದರೆ, ಬಹುತೇಕರಿಗೆ ಅಷ್ಟೇ ಸಾಕು.

ಎಲ್ಲ ಫಿಟ್ಸೂ ಹಾಗೆ ಬಗ್ಗುವುದಿಲ್ಲ. ಗ್ಲಾಸ್ಗೊ ನಗರದಲ್ಲಿ 525 ರೋಗಿಗಳನ್ನು ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಿಂದೆ ಔಷಧಿ ತೆಗೆದುಕೊಂಡಿರದವರಲ್ಲಿ ಮೊದಲ ಔಷಧಿಯಲ್ಲೇ ಶೇ. 47 ಮಂದಿಗೆ ಫಿಟ್ಸ್ ನಿಂತಿತು, ಎರಡನೆಯದರಲ್ಲಿ ಇನ್ನೂ ಶೇ. 13 ಮಂದಿಗೆ. ಮೂರನೆಯದರಲ್ಲಿ? ಬರೀ ಶೇ. 1.

ಸರಿಯಾಗಿ ಆಯ್ದು, ಸರಿಯಾದ ಪ್ರಮಾಣದಲ್ಲಿ ಕೊಟ್ಟ ಎರಡು ಔಷಧಿ ಸೋತರೆ ಸಾಕು, ಅದನ್ನು ಔಷಧಿಗೆ ಬಗ್ಗದ ಮೂರ್ಛೆ ಎಂದು ಪರಿಗಣಿಸಬೇಕು ಎಂದು ಅಂತಾರಾಷ್ಟ್ರೀಯ ತಜ್ಞರ ಸಂಸ್ಥೆ 2010ರಲ್ಲೇ ಹೇಳಿದೆ. ಆದರೂ ಮಾತ್ರೆ ಬದಲಿಸುತ್ತಲೇ ಹತ್ತು ಹದಿನೈದು ವರ್ಷ ಕಳೆದವರು ನಮ್ಮಲ್ಲಿದ್ದಾರೆ. ಮಿದುಳಿನಲ್ಲಿ ಫಿಟ್ಸ್ ಹುಟ್ಟುವ ಜಾಗ ಹುಡುಕಿ ಕತ್ತರಿಸಿ ತೆಗೆಯುವ ಆಪರೇಷನ್ ಆಗುತ್ತದೋ ಇಲ್ಲವೋ ಎಂದು ತಪಾಸಣೆ ಮಾಡಿಸಲು ಅಷ್ಟು ಕಾಯಬೇಕಾದ್ದೇ ಇಲ್ಲ.

‘ಸ್ಕ್ಯಾನಿಂಗ್ ಮಾಡಿಸಿದ್ದೇವೆ, ಏನೂ ಇಲ್ಲ ಅಂದರು’ ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಮೂರ್ಛೆಗೆಂದೇ ತೆಗೆಯುವ ಎಂಆರ್‌ಐ ಬೇರೆ. ಅದರಲ್ಲಿ ಮಿದುಳನ್ನು ತೆಳು ಪದರಗಳಲ್ಲಿ, ಹಿಪೊಕ್ಯಾಂಪಸ್ ಎಂಬ ಪುಟ್ಟ ಭಾಗಕ್ಕೆ ಅಡ್ಡಲಾಗಿ ನೋಡುತ್ತಾರೆ. ಕಿವಿಯ ನೇರಕ್ಕೆ ಒಳಗಡೆ, ಎರಡೂ ಕಡೆ ಇರುವ ಈ ಭಾಗ ಒಂದು ಪಕ್ಕದಲ್ಲಿ ಕುಗ್ಗಿ ಬೆಳ್ಳಗೆ ಹೊಳೆದರೆ ಅದು ಗಾಯದ ಗುರುತು. ಮಾಮೂಲಿ ಸ್ಕ್ಯಾನ್‌ನಲ್ಲಿ ಇದು ಕಣ್ತಪ್ಪಬಹುದು.

ಎಂಆರ್‌ಐಯಲ್ಲಿ ಏನೂ ಕಾಣದಿದ್ದರೆ ಪೆಟ್ ಸ್ಕ್ಯಾನ್ ಇದೆ. ಫಿಟ್ಸ್ ಇಲ್ಲದ ಹೊತ್ತಿನಲ್ಲಿ ತೊಂದರೆಯ ಜಾಗ ಸಕ್ಕರೆಯನ್ನು ಕಡಿಮೆ ಹೀರುತ್ತದೆ, ಚಿತ್ರದಲ್ಲಿ ಮಂಕಾಗಿ ಕಾಣುತ್ತದೆ.

ಸ್ಪೆಕ್ಟ್ ಎಂಬ ಸ್ಕ್ಯಾನ್ ಇದಕ್ಕೆ ತದ್ವಿರುದ್ಧ, ಅದಕ್ಕೆ ಫಿಟ್ಸ್ ಬರುವ ಹೊತ್ತೇ ಬೇಕು. ರೋಗಿಯನ್ನು ದಾಖಲಿಸಿಕೊಂಡು, ವೈದ್ಯರ ಕಣ್ಣೆದುರಲ್ಲೇ ಮಾತ್ರೆ ಕಡಿಮೆ ಮಾಡುತ್ತಾ ಬರುತ್ತಾರೆ. ತಲೆಗೆ ಮಿದುಳಿನ ವಿದ್ಯುತ್ ಅಳೆಯುವ ಇಇಜಿ ತಂತಿ, ಎದುರಿಗೆ ಕ್ಯಾಮೆರಾ, ಮಂಚದ ಪಕ್ಕದಲ್ಲೇ ಸ್ಕ್ಯಾನ್‌ನಲ್ಲಿ ಕಾಣುವ ವಿಕಿರಣದ ಔಷಧಿ ತುಂಬಿದ ಸಿರಿಂಜು. ಫಿಟ್ಸ್ ಶುರುವಾಗಿ ಕೆಲವೇ ಸೆಕೆಂಡಿನೊಳಗೆ ಸಿಬ್ಬಂದಿ ಅದನ್ನು ನರಕ್ಕೆ ಕೊಡಬೇಕು. ಆ ಗಳಿಗೆಯಲ್ಲಿ ರಕ್ತ ಎಲ್ಲಿಗೆ ನುಗ್ಗಿತೋ ಅಲ್ಲೇ ಔಷಧಿ ನಿಂತುಬಿಡುತ್ತದೆ. ಸ್ಕ್ಯಾನ್ ಒಂದೆರಡು ಗಂಟೆ ಬಿಟ್ಟು ತೆಗೆದರೂ ಸಿಗುವುದು ಫಿಟ್ಸ್ ಹೊತ್ತಿನ ಚಿತ್ರವೇ. ತಡವಾಗಿ ಚುಚ್ಚಿದರೆ ಅಷ್ಟರಲ್ಲಿ ಫಿಟ್ಸ್ ಬೇರೆ ಕಡೆಗೆ ಹರಡಿರುತ್ತದೆ, ಚಿತ್ರ ದಾರಿ ತಪ್ಪಿಸುತ್ತದೆ.

ಎಂಇಜಿ ಯಂತ್ರ ಫಿಟ್ಸ್ ಹುಟ್ಟುವ ಜಾಗ ಹುಡುಕಲು ಮಿದುಳಿನ ಕಾಂತಕ್ಷೇತ್ರವನ್ನು ಅಳೆಯುತ್ತದೆ. ಅದು ಭೂಮಿಯ ಕಾಂತಕ್ಷೇತ್ರದ ಹತ್ತು ಕೋಟಿಯಲ್ಲಿ ಒಂದು ಪಾಲೂ ಇರುವುದಿಲ್ಲ! ಈ ಯಂತ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ.

ಮನೆಯವರ ಮೊಬೈಲ್ ವಿಡಿಯೊ ಕೂಡ ಪುರಾವೆಯೇ. ಒಂದು ಕೈ ಸೆಟೆದು ತಿರುಚಿಕೊಂಡು, ಇನ್ನೊಂದು ಕೈ ಬಟ್ಟೆ ಎಳೆಯುತ್ತಿದ್ದರೆ, ತೊಂದರೆ ಸಾಮಾನ್ಯವಾಗಿ ಸೆಟೆದ ಕೈಯ ಎದುರು ಪಕ್ಕದ ಮಿದುಳಿನಲ್ಲಿರುತ್ತದೆ. ಫಿಟ್ಸ್ ನಿಂತ ಮೇಲೆ ಮೂಗು ಒರೆಸಿಕೊಂಡರೆ ಆ ಕೈಯನ್ನೂ ಗಮನಿಸಿ. ಹೆಚ್ಚಿನ ಸಲ ಅದು ಫಿಟ್ಸ್ ಹುಟ್ಟಿದ ಪಕ್ಕದ ಕೈಯೇ. ಕೈಗೆ ಕಬ್ಬಿಣ ಹಿಡಿಸಲು ಓಡುವ ಬದಲು ರೋಗಿಯನ್ನು ಮಗ್ಗುಲಿಗೆ ಹೊರಳಿಸಿ, ಒಬ್ಬರು ವಿಡಿಯೊ ಮಾಡಿಕೊಳ್ಳಿ.

ಎಲ್ಲಿ ಕತ್ತರಿಸಬೇಕು ಎಂಬಷ್ಟೇ ಮುಖ್ಯ, ಎಲ್ಲಿ ಮುಟ್ಟಬಾರದು ಎಂಬುದು. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬವರಿಗೆ ಫಿಟ್ಸ್ ನಿಲ್ಲಿಸಲೆಂದು ಎರಡೂ ಪಕ್ಕದ ಹಿಪೊಕ್ಯಾಂಪಸ್ ಭಾಗ ತೆಗೆದರು. 2008ರಲ್ಲಿ ತೀರಿಕೊಳ್ಳುವವರೆಗೂ ಅವರಿಗೆ ಹೊಸದು ಬಹುತೇಕ ಏನೂ ನೆನಪಿನಲ್ಲಿ ಉಳಿಯಲಿಲ್ಲ. ಇಂದು ಆ ತಪ್ಪು ಆಗದಂತೆ ಎರಡೂ ಪಕ್ಕದ ನೆನಪಿನ ಶಕ್ತಿಯನ್ನು ಮೊದಲೇ ಪರೀಕ್ಷಿಸುತ್ತಾರೆ. ಫಂಕ್ಷನಲ್ ಎಂಆರ್‌ಐಯೊಳಗೆ ಮಲಗಿಸಿ, ರೋಗಿಯ ಭಾಷೆಯಲ್ಲೇ ಪದಗಳನ್ನು ಯೋಚಿಸಲು ಹೇಳಿ, ಮಾತಿನ ಜಾಗ ಯಾವ ಪಕ್ಕದಲ್ಲಿದೆ ಎಂದು ಗುರುತಿಸುತ್ತಾರೆ. ದೃಷ್ಟಿಯ ನರತಂತುಗಳು ಹಾದುಹೋಗುವ ದಾರಿಯನ್ನೂ ಎಂಆರ್‌ಐಯಲ್ಲೇ ಎಳೆಎಳೆಯಾಗಿ ಬಿಡಿಸಬಹುದು.

ಮೂರ್ಛೆಗೆ ಆಪರೇಷನ್ ನಮ್ಮ ದೇಶಕ್ಕೆ ಹೊಸದಲ್ಲ. ವೆಲ್ಲೂರಿನಲ್ಲಿ ಡಾ. ಜೇಕಬ್ ಚಾಂಡಿ 1952ರಲ್ಲೇ ಮಾಡಿದ್ದರು, ಎಂಆರ್‌ಐ ಎಂಬುದು ಇನ್ನೂ ಇಲ್ಲದ ಕಾಲದಲ್ಲಿ.

ಫಲ ಎಷ್ಟು? ದೆಹಲಿಯ ಏಮ್ಸ್‌ನಲ್ಲಿ ಔಷಧಿಗೆ ಬಗ್ಗದ ಮೂರ್ಛೆಯ 116 ಮಕ್ಕಳನ್ನು ಎರಡು ಗುಂಪು ಮಾಡಿ ನೋಡಿದರು. 2017ರಲ್ಲಿ ಪ್ರಕಟವಾದ ಫಲಿತಾಂಶ: ಒಂದು ವರ್ಷದ ಬಳಿಕ ಆಪರೇಷನ್ ಆದವರಲ್ಲಿ ಶೇ. 77, ಬರೀ ಔಷಧಿಯಲ್ಲಿದ್ದವರಲ್ಲಿ ಶೇ. 7 ಮಕ್ಕಳಿಗೆ ಫಿಟ್ಸ್ ನಿಂತಿತ್ತು. ಅಪಾಯ ಇಲ್ಲವೆಂದಲ್ಲ. ಕೆಲವು ಮಕ್ಕಳಿಗೆ ಕೈಕಾಲಿನ ಬಲ ಕುಂದಿತು. ಅದನ್ನು ಮೊದಲೇ ಕೇಳಿ ತಿಳಿದುಕೊಂಡೇ ಒಪ್ಪಬೇಕು.

ಗಿರಿಯಿಂದ ಚಿಕ್ಕಮಗಳೂರಿಗೆ ಇಳಿದು ಬೆಂಗಳೂರಿಗೆ ಹೊರಡುವವರು ಹಳೆಯ ಸ್ಕ್ಯಾನ್‌ನ ಫಿಲ್ಮು, ಸಿ.ಡಿ., ಈವರೆಗೆ ನುಂಗಿದ ಮಾತ್ರೆಗಳ ಚೀಟಿ ಎಲ್ಲ ಜೊತೆಗಿಟ್ಟುಕೊಳ್ಳಿ. ತಪಾಸಣೆ ಮುಗಿಯಲು ವಾರ, ತಿಂಗಳು ಹಿಡಿಯಬಹುದು. ಅಲ್ಲಿಯವರೆಗೆ ಫಿಟ್ಸ್ ಇರುವವರನ್ನು ಮರಗಸಿಗೆ, ಮೆಣಸು ಕೊಯ್ಲಿಗೆ ಏಣಿ ಹತ್ತಿಸಬೇಡಿ, ಒಬ್ಬರನ್ನೇ ಕೆರೆಯ ಬಳಿ ಬಿಡಬೇಡಿ. ಕೆಲಸದಿಂದ ತೆಗೆಯಲೂ ಬೇಡಿ. ಕಣದಲ್ಲಿ ಕಾಫಿ ಒಣಗಿಸಲು, ನರ್ಸರಿ ನೋಡಿಕೊಳ್ಳಲು ಅವರಿಗೇನೂ ಅಡ್ಡಿಯಿಲ್ಲ.