ನೊಣದ ಬಾಟಲಿಯಿಂದ ಮದುವೆ ಮನೆಗೆ

ಗಂಡಸು ಚೆಲುವಿಗೆ ಸೋಲುತ್ತಾನೆ, ಹೆಂಗಸು ಸಂಪಾದನೆ ನೋಡುತ್ತಾಳೆ. ಇದು ಪ್ರಕೃತಿನಿಯಮ ಎನ್ನುವ ವಾದದ ಬುಡದಲ್ಲಿ ಹಣ್ಣುನೊಣಗಳ ಒಂದು ಪ್ರಯೋಗವಿದೆ. 1948ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಇಂಗ್ಲೆಂಡಿನ ತಳಿವಿಜ್ಞಾನಿ ಆಂಗಸ್ ಬೇಟ್‌ಮನ್ ಕೆಲವು ಗಂಡು, ಅಷ್ಟೇ ಹೆಣ್ಣು ನೊಣಗಳನ್ನು ಬಾಟಲಿಗಳಲ್ಲಿ ಬಿಟ್ಟರು. ಪ್ರತಿ ನೊಣಕ್ಕೂ ಹುಟ್ಟಿನಿಂದ ಬಂದ ಒಂದು ಗುರುತು: ಒಂದರ ರೆಕ್ಕೆ ಸುರುಳಿ, ಇನ್ನೊಂದರ ಕಣ್ಣು ತೀರಾ ಚಿಕ್ಕದು. ಯಾವುದು ಯಾವುದರೊಡನೆ ಕೂಡಿತೆಂದು ಅವರು ಕೂತು ನೋಡಲಿಲ್ಲ. ಮರಿಗಳ ಮೈಮೇಲಿನ ಗುರುತು ಹಿಡಿದು ಅಪ್ಪ ಯಾರು, ಅಮ್ಮ ಯಾರು ಎಂದು ಲೆಕ್ಕ ಹಾಕಿದರು. ಸಂಗಾತಿಗಳು ಹೆಚ್ಚಿದಷ್ಟೂ ಗಂಡಿಗೆ ಮರಿಗಳು ಹೆಚ್ಚು, ಹೆಣ್ಣಿಗೆ ಅದರಿಂದ ಅಷ್ಟೇನೂ ಲಾಭವಿಲ್ಲ ಎಂಬ ತೀರ್ಮಾನ ಹೊರಬಿತ್ತು.

1972ರಲ್ಲಿ ಜೀವವಿಜ್ಞಾನಿ ರಾಬರ್ಟ್ ಟ್ರಿವರ್ಸ್ ಇದಕ್ಕೊಂದು ಕಾರಣ ಕೊಟ್ಟರು. ಮರಿಗಾಗಿ ಹೆಚ್ಚು ಸವೆಯುವವರು ಅಳೆದು ತೂಗಿ ಆರಿಸುತ್ತಾರೆ, ಕಡಿಮೆ ಸವೆಯುವವರು ಪೈಪೋಟಿಗಿಳಿಯುತ್ತಾರೆ. ಒಂಬತ್ತು ತಿಂಗಳು ಹೊತ್ತು, ಹೆತ್ತು, ಹಾಲೂಡಿಸುವವಳು ಎಚ್ಚರ ವಹಿಸದಿದ್ದೀತೆ? ಈ ತರ್ಕ ಗಟ್ಟಿಯಾದದ್ದೇ. ನಮ್ಮ ಕೆರೆಗಳಲ್ಲಿ ತಾವರೆ ಎಲೆಗಳ ಮೇಲೆ ಓಡಾಡುವ ಜಕಾನ ಹಕ್ಕಿಗಳಲ್ಲಿ ಕಾವು ಕೊಟ್ಟು ಮರಿ ಸಾಕುವುದು ಗಂಡು. ಮೈಗಾತ್ರ ಬೆಳೆಸಿಕೊಂಡು ಜಗಳಕ್ಕೆ ನಿಲ್ಲುವುದು ಹೆಣ್ಣು.

ಕೈಕೊಟ್ಟದ್ದು ನೊಣ. 2012ರಲ್ಲಿ ಜೀವವಿಜ್ಞಾನಿ ಪೆಟ್ರೀಷಿಯಾ ಗೊವಾಟಿ ಮತ್ತು ಸಂಗಡಿಗರು ಅದೇ ಪ್ರಯೋಗವನ್ನು ಮತ್ತೆ ಮಾಡಿದರು. ಅಪ್ಪನ ಗುರುತು, ಅಮ್ಮನ ಗುರುತು ಎರಡನ್ನೂ ಪಡೆದ ಮರಿಗಳಲ್ಲಿ ಬಹಳಷ್ಟು ಎಣಿಕೆಗೆ ಸಿಗುವ ಮೊದಲೇ ಸಾಯುತ್ತಿದ್ದವು. ಸಾಲದ್ದಕ್ಕೆ ಬೇಟ್‌ಮನ್ ಲೆಕ್ಕದಲ್ಲಿ ಅಪ್ಪಂದಿರ ಪಾಲಿಗೆ ಬಂದ ಮರಿಗಳು ಅಮ್ಮಂದಿರ ಪಾಲಿಗಿಂತ ಹೆಚ್ಚಾಗಿದ್ದವು! ಪ್ರತಿ ಮರಿಗೂ ಒಬ್ಬ ಅಪ್ಪ, ಒಬ್ಬಳೇ ಅಮ್ಮ. ಇಷ್ಟು ಸರಳ ತಾಳೆ ದಶಕಗಳ ಕಾಲ ಯಾರನ್ನೂ ಅಷ್ಟಾಗಿ ಕಾಡಲಿಲ್ಲ ಎಂಬುದೇ ಸೋಜಿಗ. ಜನ ಒಪ್ಪಲು ಕಾದಿದ್ದ ಉತ್ತರ ಸಿಕ್ಕರೆ ಹೀಗೇ ಆಗುತ್ತದೆ.

ಹಾಗೆಂದು ಮನುಷ್ಯರಲ್ಲಿ ವ್ಯತ್ಯಾಸವೇ ಇಲ್ಲವೆಂದಲ್ಲ. ಮನೋವಿಜ್ಞಾನಿ ಡೇವಿಡ್ ಬಸ್ 1989ರಲ್ಲಿ ಪ್ರಕಟಿಸಿದ, 37 ಸಮುದಾಯಗಳ ಹತ್ತು ಸಾವಿರಕ್ಕೂ ಹೆಚ್ಚು ಜನರ ಸಮೀಕ್ಷೆಯಲ್ಲಿ ಎಲ್ಲ ಕಡೆಯೂ ಗಂಡಸರು ತಮಗಿಂತ ಕಿರಿಯರನ್ನೇ ಬಯಸಿದ್ದರು. ಸಂಪಾದನೆಗೆ ಹೆಂಗಸರು ಹೆಚ್ಚು ಬೆಲೆ ಕೊಟ್ಟಿದ್ದರು. ಅದೇ ಅಂಕಿಅಂಶಗಳನ್ನು 1999ರಲ್ಲಿ ಮನೋವಿಜ್ಞಾನಿಗಳಾದ ಆಲಿಸ್ ಈಗ್ಲಿ, ವೆಂಡಿ ವುಡ್ ಮತ್ತೆ ಜಾಲಾಡಿದಾಗ, ಸಮಾನತೆ ಹೆಚ್ಚಿರುವ ದೇಶಗಳಲ್ಲಿ ಸಂಪಾದನೆಯ ಕುರಿತ ಅಂತರ ಕಿರಿದಾಗಿರುವುದು ಕಂಡಿತು. ಚೆಲುವಿನ ವಿಷಯದಲ್ಲಿ ಮಾತ್ರ ಹಾಗಾಗಲಿಲ್ಲ. ನನಗನ್ನಿಸುವಂತೆ, ಸಂಪಾದನೆಯ ಮಾತನ್ನು ವಿಕಾಸದ ತಲೆಗೆ ಕಟ್ಟುವ ಮುಂಚೆ ಹೆಣ್ಣಿನ ಕೈಯಲ್ಲಿ ಎಷ್ಟು ದುಡ್ಡಿದೆ ಎಂದು ಕೇಳಬೇಕು.

ಅಂದಹಾಗೆ, ಬಸ್ ಅವರ ಪಟ್ಟಿಯಲ್ಲಿ ಗಂಡು, ಹೆಣ್ಣು ಇಬ್ಬರೂ ದುಡ್ಡಿಗಿಂತಲೂ ರೂಪಕ್ಕಿಂತಲೂ ಮೇಲಿಟ್ಟದ್ದು ಒಳ್ಳೆಯ ಮನಸ್ಸು ಮತ್ತು ಬುದ್ಧಿಯನ್ನು.